ಬಿ ಟೀಮಿನ ಹುಡುಗ, ಮೇನ್ ಟೀಮಿನ ಎಮ್ಮೆ

ಫುಟ್‌ಬಾಲ್ ಕಲಿಸುವ ಮಾಸ್ತರನಿಗೆ ಚೆಂಡಿನಿಂದ ಆಗುವ ತೊಂದರೆ ಕಡಿಮೆ. ಮನುಷ್ಯರಿಂದ, ದನಗಳಿಂದ ಆಗುವುದೇ ಹೆಚ್ಚು. ವರ್ಷಕ್ಕೆ ಒಂದಾದರೂ ಇಂಥದು ನಡೆಯದೆ ಹೋದರೆ ಈ ವರ್ಷ ಮಳೆ ಸರಿಯಾಗಲಿಲ್ಲ ಎನ್ನುವ ಹಾಗೆ ನನಗೆ ಅನ್ನಿಸುತ್ತಿತ್ತು.

ನಾನು ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೈಸ್ಕೂಲುಗಳಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಎಂಬತ್ತರ ದಶಕದ ಮಾತು. ನಮ್ಮ ಕಡೆ ಆಟ ಎಂದರೆ ಕುಸ್ತಿ, ಮಿಕ್ಕಿದ್ದೆಲ್ಲ ಮಕ್ಕಳಾಟ. ಫುಟ್‌ಬಾಲ್ ಹುಚ್ಚು ಇದ್ದದ್ದು ಗಡಿಯಾಚೆ, ಕೊಲ್ಲಾಪುರದಲ್ಲಿ. ಅಲ್ಲಿ ಪೇಟೆಗೊಂದು ತಾಲೀಮು, ಅಂದರೆ ಗರಡಿಮನೆ. ತಾಲೀಮಿಗೊಂದು ಫುಟ್‌ಬಾಲ್ ತಂಡ. ಅದಕ್ಕೆ ಮೇನ್ ಟೀಮು ಎಂದು ಹೆಸರು. ಅದರ ಬೆನ್ನಿಗೆ ಇನ್ನೊಂದು ತಂಡ, ಬಿ ಟೀಮು. ಕಾಲಲ್ಲಿ ಚುರುಕಿದ್ದ ನಮ್ಮ ಹುಡುಗರನ್ನು ನಾನು ಆ ಬಿ ಟೀಮಿಗೆ ಕಳಿಸುತ್ತಿದ್ದೆ. ಅವರು ತಾಲೀಮಿನಲ್ಲೇ ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಮೇನ್ ಟೀಮಿನವರ ಎದುರು ಆಡಿ ಅವರಿಗೆ ಅಭ್ಯಾಸ ಕೊಡಬೇಕು. ಮ್ಯಾಚಿನ ದಿನ ಗೆರೆಯಾಚೆ ಕೂತು, ಯಾರ ಕಾಲಾದರೂ ಉಳುಕೀತೇ ಎಂದು ದೇವರಿಗೆ ಕೇಳದ ಹಾಗೆ ಬೇಡಿಕೊಳ್ಳಬೇಕು.

ಹತ್ತು ವರ್ಷದಲ್ಲಿ ಆರು ಹುಡುಗರನ್ನು ಕಳಿಸಿದ್ದೆ. ಒಬ್ಬನೂ ಮೇನ್ ಟೀಮಿನಲ್ಲಿ ಒಂದು ನಿಮಿಷ ಆಡಿರಲಿಲ್ಲ. ನಮ್ಮ ಹೆಡ್‌ಮಾಸ್ತರರು ಪ್ರತಿ ಜೂನ್ ತಿಂಗಳಲ್ಲಿ, ಎಲ್ಲರ ಎದುರಿಗೇ ಕೇಳುತ್ತಿದ್ದರು:

"ಏನ್ರಿ, ನಿಮ್ಮ ಹುಡುಗ್ರು ಇನ್ನೂ ಕುಂತಾರೋ, ಎದ್ದಾರೋ?"

೧. ಸಿಗದ ಚೆಂಡು

ನಿಪ್ಪಾಣಿಯ ಹುಡುಗನೊಬ್ಬ ಇದ್ದ. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅವಳ ಬೆರಳಿನ ಚುರುಕು ಮಗನ ಕೈಗೆ ಬಂದಿತ್ತು. ಅಟ್ಟದಿಂದ ಏನೇ ಬೀಳಲಿ, ನೆಲ ಮುಟ್ಟುವುದರೊಳಗೆ ಹಿಡಿಯುತ್ತಿದ್ದ. ಆರಡಿ ಎತ್ತರ ಬೇರೆ. ಇವನು ಗೋಲ್‌ಕೀಪರನಾಗದೆ ಇನ್ನೇನಾಗಬೇಕು ಎಂದು ಕೊಲ್ಲಾಪುರದ ತಾಲೀಮಿಗೆ ಕರೆದುಕೊಂಡು ಹೋದೆ.

ಅಲ್ಲಿಯ ವಸ್ತಾದರು, ಅಂದರೆ ಗರಡಿಯ ಗುರುಗಳು, ಹಳೆಯ ಪೈಲವಾನರು. ಫುಟ್‌ಬಾಲ್ ತಂಡವೂ ಅವರ ಕೈಯಲ್ಲೇ ಇತ್ತು. ಅವರು ಹುಡುಗನ ಕೈ ನೋಡಲೇ ಇಲ್ಲ. ತೊಡೆ ಹಿಸುಕಿ ನೋಡಿ, "ಇರಲಿ" ಎಂದರು. ತಾಲೀಮಿನ ಪದ್ಧತಿ ಏನೆಂದರೆ, ನೀನು ಕುಸ್ತಿಗೆ ಬಾ, ಫುಟ್‌ಬಾಲಿಗೆ ಬಾ, ಮೊದಲು ಕೆಂಪು ಮಣ್ಣಿನ ಸೇವೆ ಮಾಡಬೇಕು. ಬೆಳಿಗ್ಗೆ ಎದ್ದು ಸಲಿಕೆ ಹಿಡಿದು ಅಖಾಡದ ಮಣ್ಣು ಅಗೆದು ಹದ ಮಾಡಬೇಕು. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಕಲಸಬೇಕು. ಆಮೇಲೆ ಇನ್ನೂರು ಬೈಠಕ್, ಅಂದರೆ ಬಸ್ಕಿ. ಇದನ್ನು ಹೇಳಲು ನಾನು ಮರೆತಿದ್ದೆ. ನಿಜ ಹೇಳಬೇಕೆಂದರೆ, ಹೇಳಿದರೆ ಅವನು ಬರುವುದಿಲ್ಲವೆಂದು ಮರೆತಿದ್ದೆ.

ಒಂಬತ್ತನೇ ದಿನಕ್ಕೆ ಅವನಿಂದ ಕಾರ್ಡು ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ, ಎರಡೇ ಸಾಲು.

"ಸರ, ಎಂಟ ದಿನದಿಂದ ಮಣ್ಣ ಅಗಿಯಾಕತ್ತೀನಿ. ಇವರು ಚೆಂಡ ಎಲ್ಲಿ ಹೂತಿಟ್ಟಾರೋ, ಇನ್ನೂ ಸಿಕ್ಕಿಲ್ಲ."

೨. ಹುಡುಗನ ಜೋಡಿ ಬಂದದ್ದು

ಮುಂದಿನ ವರ್ಷ ಐನಾಪುರದ ಹುಡುಗನೊಬ್ಬ ಕಣ್ಣಿಗೆ ಬಿದ್ದ. ಎಮ್ಮೆ ಕಾಯುವ ಮನೆತನ. ಹೊಲಕ್ಕೆ ನುಗ್ಗಿದ ಎಮ್ಮೆಗಳ ಹಿಂದೆ ಓಡಿ ಓಡಿ ಅವನಿಗೆ ಎಂಥ ಓಟ ಬಂದಿತ್ತೆಂದರೆ, ಚೆಂಡು ಕಾಲಲ್ಲಿದ್ದಾಗಲೂ ಅದೇ ವೇಗ. ಎಡಗಾಲಿನ ಹೊಡೆತವಂತೂ ಎದುರಿನವರಿಗೆ ತಿಳಿಯುವಷ್ಟರಲ್ಲಿ ಮುಗಿದಿರುತ್ತಿತ್ತು. ಆರು ಜನರಲ್ಲಿ ಮೇನ್ ಟೀಮಿಗೆ ಏರುವವನು ಇವನೊಬ್ಬನೇ ಎಂದು ನನಗೆ ಮೊದಲ ದಿನವೇ ಗೊತ್ತಾಯಿತು.

ಅವನ ಅಪ್ಪ ಹಳೆಯ ಕುಸ್ತಿಯವನು. ಕಿವಿ ಎರಡೂ ಮುದುಡಿ ಹೋಗಿದ್ದವು. ಒಪ್ಪಿಸಲು ಮನೆಗೆ ಹೋದೆ.

"ಇದರಾಗ ಗೆದ್ದದ್ದು ಹೆಂಗ ಗೊತ್ತಾಗತೈತ್ರಿ ಮಾಸ್ತರ?"

"ಗೋಲ್ ಎಣಸ್ತಾರ್ರಿ."

"ಎಣಸಿ ಗೆಲ್ಲೂದು ಒಂದ ಗೆಲ್ಲೂದೇನ್ರಿ? ಇರ್ಲಿ. ಖುರಾಕ ಏನ ಕೊಡ್ತಾರ?"

"ಎರಡ ಹೊತ್ತ ಊಟ ಕೊಡ್ತಾರ್ರಿ. ಅನ್ನ, ಬ್ಯಾಳಿ."

ಅವನು ನನ್ನನ್ನು ಕನಿಕರದಿಂದ ನೋಡಿದ. ನಮ್ಮ ಕಡೆ ಮಗನನ್ನು ತಾಲೀಮಿಗೆ ಬಿಟ್ಟರೆ ಮನೆಯಿಂದ ದಿನಾ ಹಾಲು ಹೋಗಬೇಕು. ಇಲ್ಲದಿದ್ದರೆ ಮಂದಿ ಆಡಿಕೊಳ್ಳುತ್ತಾರೆ. ಐನಾಪುರದಿಂದ ಕೊಲ್ಲಾಪುರಕ್ಕೆ ಬಸ್ಸು ಬದಲಿಸಿ ಹಾಲು ಕಳಿಸಿದರೆ ಅಲ್ಲಿ ಮುಟ್ಟುವಾಗ ಮೊಸರಾಗಿರುತ್ತದೆ. ಅಪ್ಪ ಇದನ್ನೆಲ್ಲ ಲೆಕ್ಕ ಹಾಕಿ ತೀರ್ಮಾನ ಹೇಳಿದ.

"ಹುಡುಗನ್ನ ಕಳಸ್ತೀನಿ. ಅವನ ಜೋಡಿ ಎಮ್ಮೀನೂ ಕಳಸ್ತೀನಿ. ಯುಗಾದಿ ತನಕ ನೋಡೂಣು. ಅಷ್ಟರಾಗ ಮೇನ್ ಟೀಮಿನಾಗ ಆಡಿದ ಅಂದ್ರ ಅಂವ ಅಲ್ಲೇ ಇರ್ಲಿ. ಇಲ್ಲಂದ್ರ ನಾನ ಬಂದು ಇಬ್ಬರನ್ನೂ ಹೊಡಕೊಂಡ ಬರ್ತೀನಿ. ಮತ್ತ ಆಟ ಗೀಟ ಅನ್ನಾಂಗಿಲ್ಲ."

ಹುಡುಗ ಕಂಬ ಹಿಡಿದು ನಿಂತಿದ್ದ. ಆಟ ಗೀಟ ಅನ್ನಾಂಗಿಲ್ಲ ಎಂದಾಗ ಅವನ ಮುಖ ಸಣ್ಣದಾಯಿತು.

ಟೆಂಪೋದಲ್ಲಿ ಹುಡುಗ, ಎಮ್ಮೆ, ನಾನು ಮೂವರೂ ತಾಲೀಮಿನ ಮುಂದೆ ಇಳಿದೆವು. ವಸ್ತಾದರು ಹೊರಗೆ ಬಂದರು. ಎಮ್ಮೆಯ ಸುತ್ತ ಎರಡು ಸುತ್ತು ಹಾಕಿ, ಬೆನ್ನು ಸವರಿ, ಕೆಚ್ಚಲು ನೋಡಿ, ಬಾಯಿ ತೆರೆಸಿ ಹಲ್ಲು ನೋಡಿದರು. ಆಮೇಲೆ ಹುಡುಗನ ಕಡೆ ಒಂದು ಸಲ ಕಣ್ಣು ಹಾಯಿಸಿದರು. ಮರಾಠಿಯಲ್ಲಿ ಅವರು ಹೇಳಿದ್ದರ ಅರ್ಥ ಇಷ್ಟು:

"ಎಮ್ಮೆ ಇವತ್ತಿನಿಂದಲೇ ಮೇನ್ ಟೀಮಿಗೆ. ಹುಡುಗ ಸದ್ಯ ಬಿ ಟೀಮಿನಲ್ಲಿರಲಿ."

೩. ಕುರ್ಚಿಯ ಮೇಲೆ

ಸಂಕ್ರಾಂತಿ ಮುಗಿದ ಮೇಲೆ ಐನಾಪುರದಿಂದ ಒಂದು ಟೆಂಪೋ ತುಂಬ ಮಂದಿ ಹುಡುಗನ ಆಟ ನೋಡಲು ಬಂದರು. ಅವತ್ತು ಮೇನ್ ಟೀಮಿನ ಮ್ಯಾಚು. ನಮ್ಮ ಹುಡುಗ ಜರ್ಸಿ ಹಾಕಿಕೊಂಡು, ವಸ್ತಾದರ ಮಗ್ಗುಲಲ್ಲಿ, ಬದಲಿ ಆಟಗಾರರ ಕುರ್ಚಿಯಲ್ಲಿ ಕೂತಿದ್ದ. ಆಟ ಶುರುವಾದರೂ ಕೂತೇ ಇದ್ದ. ಊರವರು ಏನೆನ್ನುತ್ತಾರೋ ಎಂದು ನಾನು ಹಿಡಿಯಾಗಿದ್ದೆ.

ಅವರಲ್ಲಿ ಹಿರಿಯರೊಬ್ಬರು ತಂಬಾಕು ತಿಕ್ಕುತ್ತ ತಮ್ಮವರಿಗೆ ಬಿಡಿಸಿ ಹೇಳುತ್ತಿದ್ದರು.

"ನೋಡ್ರಲೇ. ಉಳದಾವ್ರೆಲ್ಲಾ ಬಿಸಲಾಗ ಓಡಿ ಸಾಯಾಕತ್ತಾರ. ನಮ್ಮ ಹುಡುಗ ವಸ್ತಾದರ ಬಾಜೂಕ ಕುರ್ಚಿ ಹಾಕ್ಕೊಂಡ ಕುಂತಾನ. ನಾಕ ತಿಂಗಳಾಗ ಸಾಹೇಬ ಆಗ್ಯಾನ!"

ಈ ಸುದ್ದಿ ಊರಿಗೆ ಹೋಗಿ, ಮರುವಾರವೇ ಯಾರೋ ಹೆಣ್ಣು ಕೊಡುವ ಮಾತು ತೆಗೆದರಂತೆ. ಆದರೆ ಅಪ್ಪ ಮೋಸಹೋಗುವವನಲ್ಲ. ಊರವರ ಜೋಡಿ ಅವನೂ ಬಂದಿದ್ದ, ಅವತ್ತೇ ಮ್ಯಾಚಿನ ನಡುವೆ ನನ್ನನ್ನು ಬದಿಗೆ ಕರೆದ.

"ಖರೇ ಹೇಳ್ರಿ ಮಾಸ್ತರ. ಅಂವ ಯಾಕ ಕುಂತಾನ?"

"ಒಳಗಿನಾವ್ರ ಪೈಕಿ ಯಾರದಾರ ಕಾಲಿಗೆ ಪೆಟ್ಟಾದ್ರ ಇವನ್ನ ಒಳಗ ಕಳಸ್ತಾರ್ರಿ. ಅಲ್ಲೀತನಕ ಕಾಯಬೇಕು."

ಅವನು ಮೈದಾನದಲ್ಲಿ ಓಡುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ತೋಳು ಮಡಚುತ್ತ ಕೇಳಿದ:

"ಯಾರ ಕಾಲಂತ ಹೇಳ್ರಿ, ಸಾಕು."

೪. ಎರಡನೇ ಸೂಲು

ಅದೇ ದಿನಗಳಲ್ಲಿ ನಮ್ಮ ಜಿಲ್ಲೆಯ ಹತ್ತೊಂಬತ್ತು ವರ್ಷದೊಳಗಿನ ತಂಡದ ಆಯ್ಕೆ ಬಂತು. ಜಿಲ್ಲೆಗೆ ಆಡಿದರೆ ವಸ್ತಾದರ ಕಣ್ಣು ಎಮ್ಮೆಯಿಂದ ಹುಡುಗನ ಕಡೆಗೆ ಹೊರಳಬಹುದೆಂದು ನನ್ನ ಲೆಕ್ಕ. ಹುಡುಗನಿಗೆ ಕಾಗದ ಬರೆದೆ: ಡಾಕ್ಟರ ಸರ್ಟಿಫಿಕೇಟು ತೆಗೆದುಕೊಂಡು ನೇರ ಮೈದಾನಕ್ಕೆ ಬಾ.

ಅವನು ಬಂದ. ತಾಲೀಮಿನಲ್ಲಿದ್ದ ತನ್ನ ಟ್ರಂಕಿನಿಂದ ತಂದ ಕಾಗದವನ್ನು ಆಯ್ಕೆ ಸಮಿತಿಯ ಹಿರಿಯರ ಕೈಗೆ ಕೊಟ್ಟ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ವಯಸ್ಸು ಐದು ವರ್ಷ. ಬಣ್ಣ ಕಪ್ಪು. ಕೊಂಬು ಹಿಂದಕ್ಕೆ ಬಾಗಿವೆ. ಎರಡನೇ ಸೂಲು. ಯಾವ ರೋಗವೂ ಇಲ್ಲ."

ಎಮ್ಮೆಯನ್ನು ಗಡಿ ದಾಟಿಸುವಾಗ ಇರಲಿ ಎಂದು ದನದ ಡಾಕ್ಟರರಿಂದ ಬರೆಸಿಕೊಂಡಿದ್ದ ಕಾಗದ ಅದು. ಟ್ರಂಕಿನಲ್ಲಿ ಡಾಕ್ಟರರ ಸಹಿ ಇದ್ದ ಕಾಗದ ಅದೊಂದೇ ಆದ್ದರಿಂದ ಹುಡುಗನಿಗೆ ಅನುಮಾನವೇ ಬಂದಿರಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡಿದ್ದರು. ಹಿರಿಯರು ಮಾತ್ರ ನಗಲಿಲ್ಲ. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲಿಂದ ಬಂದಿ, ಎಲ್ಲಿ ಆಡುತ್ತಿ ಎಂದು ವಿಚಾರಿಸಿದರು. ಕೊಲ್ಲಾಪುರದಲ್ಲಿ ಎಂದ. ಅಲ್ಲಿಯವರು ಹೋದ ತಿಂಗಳು ತಮ್ಮ ಜಿಲ್ಲೆಯ ಆಯ್ಕೆಯಲ್ಲಿ, ನೀನು ಕರ್ನಾಟಕದವನೆಂದು ಇವನನ್ನು ಆಗಲೇ ವಾಪಸು ಕಳಿಸಿದ್ದರು. ಇಲ್ಲಿ ಹಿರಿಯರು ಕಾಗದ ಮಡಚಿ ನನ್ನ ಕೈಗೆ ಕೊಟ್ಟರು.

"ವಯಸ್ಸು ಹತ್ತೊಂಬತ್ತರೊಳಗ ಐತಿ, ಬರೋಬ್ಬರಿ. ರೋಗ ಇಲ್ಲ, ಅದೂ ಬರೋಬ್ಬರಿ. ಕೊಂಬಿಗೂ ನಮ್ಮ ತಕರಾರಿಲ್ಲ. ಆದ್ರ ಮಹಾರಾಷ್ಟ್ರದಾಗ ಆಡಾವ್ನನ್ನ ತಗೋಳಾಕ ಬರಾಂಗಿಲ್ರಿ ಮಾಸ್ತರ."

೫. ಹಾಫ್ ಟೈಮಿನ ಹಾಲು

ಫೆಬ್ರವರಿ ಮುಗಿದರೂ ಹುಡುಗ ಕುರ್ಚಿ ಬಿಟ್ಟು ಏಳಲಿಲ್ಲ. ಏನು ಸಂಗತಿ ಎಂದು ನೋಡಲು ಒಂದು ಭಾನುವಾರ ಹೋದೆ. ಮೊದಲ ಅರ್ಧ ಆಟ ಮುಗಿದು ಹಾಫ್ ಟೈಮಿನ ಸೀಟಿ ಬಿತ್ತು. ನಮ್ಮ ಹುಡುಗ ಎದ್ದ, ಚಪ್ಪಲಿ ಮೆಟ್ಟಿಕೊಂಡ, ಹೊರಟೇಬಿಟ್ಟ. ಹಿಂದೆಯೇ ಹೋದೆ. ತಾಲೀಮಿನ ಹಿತ್ತಲಿಗೆ ಹೋಗಿ ಎಮ್ಮೆಯ ಕೆಳಗೆ ಕೂತ.

ಮ್ಯಾಚು ಶುರುವಾಗುವುದು ನಾಲ್ಕಕ್ಕೆ. ಎಮ್ಮೆ ಹಿಂಡುವ ಹೊತ್ತು ಐದು. ಅವನು ಕರುವಿನಿಂದ ಸಾಕಿದ ಎಮ್ಮೆ. ಬೇರೆಯವರ ಕೈಗೆ ಹಾಲು ಬಿಡದು. ಆಟ ಮುಗಿಸಿ ಬರುವ ಮೇನ್ ಟೀಮಿನವರಿಗೆ ಬಿಸಿ ಹಾಲು ತಯಾರಿರಬೇಕೆಂಬುದು ವಸ್ತಾದರ ಕಟ್ಟಪ್ಪಣೆ. ಹೀಗಾಗಿ ಎರಡನೇ ಅರ್ಧದಲ್ಲಿ ಯಾರಿಗಾದರೂ ಪೆಟ್ಟಾಗಿ ವಸ್ತಾದರು ಕುರ್ಚಿಯ ಕಡೆ ತಿರುಗಿದಾಗ ಇವನು ಅಲ್ಲಿರುತ್ತಲೇ ಇರಲಿಲ್ಲ. ಮೂರು ಸಲ ಹಾಗಾಗಿತ್ತು. ಮೂರು ಸಲವೂ ಮಗ್ಗುಲಲ್ಲಿದ್ದವನನ್ನು ಒಳಗೆ ಕಳಿಸಿದ್ದರು.

"ಸರ, ಮೊದಲನೇ ಹಾಫಿನ್ಯಾಗ ಯಾರೂ ಬೀಳಾಂಗಿಲ್ರಿ," ಎಂದ ಹುಡುಗ, ಹಿಂಡುತ್ತಲೇ. "ಎಲ್ಲಾರೂ ನಾ ಎದ್ದ ಹೋದ ಮ್ಯಾಲೇ ಬೀಳ್ತಾರ."

ಅವನ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಯುಗಾದಿಗೆ ಇನ್ನು ಒಂದೇ ತಿಂಗಳಿತ್ತು.

ಹಿಂಡುವವನ ಅಂಗಿ ಹಾಕಿಕೊಂಡು ಕೂತರೆ ಎಮ್ಮೆ ವಾಸನೆ ಹಿಡಿದು ಒಪ್ಪುತ್ತದೆ ಎನ್ನುವುದು ದನ ಕಟ್ಟಿದ ಎಲ್ಲರಿಗೂ ಗೊತ್ತು. ಅದನ್ನು ಪರೀಕ್ಷಿಸಲು, ಈಗ ಬಿ ಟೀಮಿನ ಗೋಲ್‌ಕೀಪರನಾಗಿದ್ದ ನಿಪ್ಪಾಣಿಯ ಹುಡುಗನಿಗೆ ಇವನ ಅಂಗಿ ತೊಡಿಸಿ ಕೂರಿಸಿದೆವು. ಎಮ್ಮೆ ತೋಳು ಮೂಸಿತು, ಒಪ್ಪಿತು. ಆಮೇಲೆ ಅವನ ಉದ್ದ ಕಾಲು ನೋಡಿ ಅನುಮಾನ ಬಂದು ಝಾಡಿಸಿ ಒದೆಯಿತು. ಚರಿಗೆ ಆಕಾಶಕ್ಕೆ ಹಾರಿತು. ಒದೆ ತಿಂದು ಬಿದ್ದಿದ್ದ ಗೋಲ್‌ಕೀಪರ ಅಲ್ಲಿಂದಲೇ ಜಿಗಿದು, ಅಡ್ಡ ಬಿದ್ದು, ಎರಡೂ ಕೈಯಲ್ಲಿ ಹಿಡಿದ. ಅವನ ಜನ್ಮದಲ್ಲಿ ಅಂಥ ಹಿಡಿತ ಮತ್ತೆ ಕಾಣಲಿಲ್ಲ. ಒಂದು ಹನಿ ಹಾಲು ಚೆಲ್ಲಲಿಲ್ಲ. ಚರಿಗೆಯಲ್ಲಿ ಒಂದು ಹನಿಯೂ ಇರಲಿಲ್ಲ.

೬. ಏಳು ನಿಮಿಷ

ಯುಗಾದಿಗೆ ನಾಲ್ಕು ದಿನ ಇರುವಾಗ ಕೊನೆಯ ಮ್ಯಾಚು. ಎದುರು ತಂಡ ಪಕ್ಕದ ಪೇಟೆಯ ತಾಲೀಮಿನದು. ಅಪ್ಪ ಊರ ಮಂದಿಯನ್ನು ಕರೆದುಕೊಂಡು, ಹಲಗೆ ಬಾರಿಸುವವರ ಸಮೇತ ಬರುತ್ತಾನೆಂದು ಸುದ್ದಿ ಬಂತು. ಹುಡುಗ ಆಡಿದರೆ ಮೆರವಣಿಗೆ, ಆಡದಿದ್ದರೆ ಅದೇ ಟೆಂಪೋದಲ್ಲಿ ಎಮ್ಮೆಯ ಜೋಡಿ ವಾಪಸು.

ನಾನು ಮೂರು ದಿನ ಮೊದಲೇ ರಜೆ ಹಾಕಿದೆ. ಅರ್ಜಿಯಲ್ಲಿ ಕ್ರೀಡಾ ಕೆಲಸ ಎಂದು ಬರೆದೆ. ನಾನೂ ರೈತರ ಮನೆಯವನೇ, ಎಮ್ಮೆ ಹಿಂಡಿ ಇಪ್ಪತ್ತು ವರ್ಷವಾಗಿತ್ತು ಅಷ್ಟೆ. ಮೂರು ದಿನ ಎಮ್ಮೆಗೆ ಹಿಂಡಿ ಇಟ್ಟೆ, ಮೈ ತಿಕ್ಕಿದೆ, ಹುಡುಗನ ಮಗ್ಗುಲಲ್ಲಿ ಕೂತು ಅದಕ್ಕೆ ನನ್ನ ಮುಖ ರೂಢಿ ಮಾಡಿಸಿದೆ. ಮ್ಯಾಚಿನ ದಿನ ಅವನ ಅಂಗಿ ತೊಟ್ಟೆ. ಗುಂಡಿ ಹತ್ತಲಿಲ್ಲ. "ನೀ ಕುರ್ಚಿ ಬಿಟ್ಟ ಏಳಬ್ಯಾಡ. ಭೂಮಿ ನಡುಗಿದ್ರೂ ಏಳಬ್ಯಾಡ" ಎಂದು ಹುಡುಗನಿಗೆ ಹೇಳಿ, ಹಾಫ್ ಟೈಮಿನ ಹೊತ್ತಿಗೆ ನಾನು ಎಮ್ಮೆಯ ಕೆಳಗೆ ಕೂತೆ.

ಹೀಗಾಗಿ ಮುಂದಿನದನ್ನು ನಾನು ನೋಡಿಲ್ಲ. ಗೋಲ್‌ಕೀಪರ, ವಸ್ತಾದರು, ಊರಿನ ಹಿರಿಯರು, ಈ ಮೂವರೂ ಒಂದೇ ರೀತಿ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಏಳು ನಿಮಿಷವಿದ್ದಾಗ ನಮ್ಮ ಫಾರ್ವರ್ಡ್ ಆಟಗಾರನ ಮೀನಖಂಡ ಹಿಡಿದುಕೊಂಡಿತು. ವಸ್ತಾದರು ಕುರ್ಚಿಯ ಕಡೆ ತಿರುಗಿದರು. ಹುಡುಗ ಅಲ್ಲೇ ಇದ್ದ. ಅವರಿಗೆ ಗಾಬರಿಯಾಯಿತು.

"ಎಮ್ಮೆ ಯಾರು ಹಿಂಡುತ್ತಿದ್ದಾರೆ?"

"ನಮ್ಮ ಸರ ಕುಂತಾರ್ರಿ."

"ಹಾಗಾದರೆ ನಡಿ ಒಳಗೆ."

ಒಳಗೆ ಹೋದ. ಒಂದು ಚೆಂಡು ಮುಟ್ಟಿದ, ಎರಡನೆಯದನ್ನು ಎಡಗಾಲಲ್ಲಿ ಹೊಡೆದ. ಅದು ಕಂಬ ಸವರಿ ಹೊರಗೆ ಹೋಯಿತು. ಮೂರನೆಯ ಚೆಂಡಿಗೆ ಅವನೂ ಎದುರಿನ ತಂಡದ ಒಬ್ಬ ದಪ್ಪನೆಯವನೂ ಭುಜಕ್ಕೆ ಭುಜ ಕೊಟ್ಟು ಓಡಿದರು, ಎಡವಿದರು, ಉರುಳಿದರು. ಆ ದಪ್ಪನೆಯವನು ಅಂಗಾತ ಬಿದ್ದ, ನಮ್ಮವನು ಅವನ ಎದೆಯ ಮೇಲೆ ಬಿದ್ದ. ರೆಫರಿ ಸೀಟಿ ಊದಿದರು.

ಅಷ್ಟು ಹೊತ್ತು ಏನೂ ತಿಳಿಯದೆ ಕೂತಿದ್ದ ಅಪ್ಪನಿಗೆ ಈಗ ಎಲ್ಲ ತಿಳಿಯಿತು. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದರೆ ಮುಗಿಯಿತು, ಅದಕ್ಕೆ ಚೀತ್ ಎನ್ನುತ್ತಾರೆ. ಮೇಲೆ ತೀರ್ಪು ಕೊಡುವ ಪಂಚರ ಸೀಟಿ ಬೇರೆ ಬಿದ್ದಿದೆ.

"ಚೀತ್!" ಎಂದು ಕೂಗಿ ಮೈದಾನದ ಸುತ್ತ ಕಟ್ಟಿದ್ದ ಹಗ್ಗ ಹಾರಿದ. ಅವನ ಹಿಂದೆ ಊರೇ ಹಾರಿತು. ಹಲಗೆ ಶುರುವಾಯಿತು. ಅಪ್ಪ ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಲ್ಲೇ ಕೂತಿದ್ದ ಮಗನ ತಲೆಗೆ ಯಾರೋ ಗುಲಾಬಿ ಪಟಗಾ ಸುತ್ತಿದರು. ಸೋತವನನ್ನು ನೆಲದ ಮೇಲೆ ಬಿಟ್ಟು ಬರುವುದು ನಮ್ಮ ಕಡೆಯ ರೀತಿಯಲ್ಲ. ಆ ದಪ್ಪನೆಯವನನ್ನೂ ಎಬ್ಬಿಸಿ, ಬೆನ್ನಿನ ಮಣ್ಣು ಜಾಡಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, "ಛಲೋ ಹಿಡದಿದ್ದಿ ತಮ್ಮಾ" ಎಂದರು. ಅವನು ತೆಂಗಿನಕಾಯಿ ಹಿಡಿದುಕೊಂಡು ತನ್ನ ತಂಡದವರ ಮುಖ ನೋಡುತ್ತ ನಿಂತ.

ರೆಫರಿ ಓಡಿ ಬಂದರು. "ಆಟ ಇನ್ನೂ ಮುಗಿದಿಲ್ಲ!"

"ಇನ್ನೇನ ಮುಗೀಬೇಕ್ರಿ?" ಎಂದ ಅಪ್ಪ. "ಅವನ ಬೆನ್ನ ಮ್ಯಾಲಿನ ಮಣ್ಣ ನೋಡ್ರಿ."

ವಸ್ತಾದರೂ ಓಡಿ ಬಂದರು. ಈಗ ಬೈಗುಳ ಬೀಳುತ್ತದೆಂದು ಎಲ್ಲರೂ ಕಾದರು. ಅವರು ದಪ್ಪನೆಯವನ ಹಿಂದೆ ಹೋಗಿ ಬಗ್ಗಿ ನೋಡಿದರು. ಎದುರಿನ ತಾಲೀಮಿನ ವಸ್ತಾದರೂ ಬಂದು ನೋಡಿದರು. ಇಬ್ಬರೂ ಕುಸ್ತಿಯವರೇ. ಎರಡೂ ಭುಜಕ್ಕೆ ಮಣ್ಣು ಹತ್ತಿದೆ, ಸುಳ್ಳು ಹೇಳಲು ಬರುವುದಿಲ್ಲ ಎಂದು ಎದುರಿನವರು ಒಪ್ಪಿಕೊಂಡರು. ಗೆದ್ದವನನ್ನು ಮೈದಾನದ ಸುತ್ತ ಒಂದು ಸುತ್ತು ಹಾಕಿಸದೆ ಇಳಿಸುವ ಪದ್ಧತಿಯಿಲ್ಲ. ಅಪ್ಪ ನಿಧಾನವಾಗಿ ಸುತ್ತು ಹಾಕಿದ. ಎದುರಿನ ತಂಡದ ಅಭಿಮಾನಿಗಳೂ ಚಪ್ಪಾಳೆ ತಟ್ಟಿದರು. ಸುತ್ತು ಮುಗಿಯುವಾಗ ರೆಫರಿ ಗಡಿಯಾರ ನೋಡಿ, ಹಣೆ ಒರೆಸಿಕೊಂಡು, ಕೊನೆಯ ಸೀಟಿ ಊದಿದರು. ಮ್ಯಾಚು ಸಮ.

ನನಗೆ ಹಿತ್ತಲಲ್ಲಿ ಹಲಗೆಯ ಸದ್ದು ಮಾತ್ರ ಕೇಳಿಸಿತು. ಗೋಲ್ ಹೊಡೆದಿರಬೇಕೆಂದುಕೊಂಡು ಹಿಂಡುವುದು ಬಿಟ್ಟು ಕಿವಿಗೊಟ್ಟೆ. ಎಮ್ಮೆ ಅರ್ಧ ಚರಿಗೆ ಕೊಟ್ಟು ಉಳಿದದ್ದನ್ನು ಇಟ್ಟುಕೊಂಡಿತು. ಸ್ವಲ್ಪ ಹೊತ್ತಿಗೆ ಅಪ್ಪ ಬೆವರು ಸುರಿಸುತ್ತ ಬಂದ.

"ಮಾಸ್ತರ, ಮಾತಂದ್ರ ಮಾತು. ಹುಡುಗ ಇಲ್ಲೇ ಇರ್ಲಿ. ಇದು ಇಂಥಾ ಆಟ ಅಂತ ಮೊದಲ ಯಾಕ ಹೇಳಲಿಲ್ಲ?"

ಅವನು ಹೋದ ಮೇಲೆ ನನಗೆ ಅಳು ಬಂತು. ಹುಡುಗ ಉಳಿದನೆಂದು ಸಂತೋಷ. ಹತ್ತು ವರ್ಷ ಕಾದದ್ದು ಕೊನೆಗೂ ನಡೆದಾಗ ನಾನು ಎಮ್ಮೆಯ ಕೆಳಗಿದ್ದೆನಲ್ಲ ಎಂದು ಹೊಟ್ಟೆಯುರಿ. ಎರಡೂ ಒಟ್ಟಿಗೇ ಬಂದವು.

ಎಲ್ಲರಿಗಿಂತ ಕೊನೆಗೆ ಹುಡುಗ ಬಂದ. ಪಟಗಾ ಒಂದು ಕಿವಿಯ ಮೇಲೆ ಜಾರಿತ್ತು. ಮೊಣಕಾಲು ತರಚಿತ್ತು. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತ.

"ಎಷ್ಟ ಹೊತ್ತ ಆಡಿದ್ಯೋ?" ಎಂದು ಕೇಳಿದೆ.

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸುಳ್ಳು ಹೇಳುವ ಹುಡುಗನಲ್ಲ.

"ಮೇನ್ ಟೀಮಿನಾಗ ಏಳ ನಿಮಿಷ ಆಡೀನ್ರಿ ಸರ. ಎರಡ ನಿಮಿಷ ನೆಲದ ಮ್ಯಾಲ, ಐದ ನಿಮಿಷ ಅಪ್ಪನ ಹೆಗಲ ಮ್ಯಾಲ."